ಇನ್ನೊಂದು ಟೇಕ್, ಸಾರ್!

ದನಿ ಕೊಡುವ ಕಸುಬಿನಲ್ಲಿ ಗಂಟಲನ್ನು ಹೇಗೋ ಸಂಭಾಳಿಸಬಹುದು, ಕಷ್ಟವಿರುವುದು ಕಿವಿಗೆ. ಹೆಡ್‌ಫೋನಿನೊಳಗೆ ನಿರ್ದೇಶಕರ ಅಶರೀರವಾಣಿ: ‘ಸೂಪರ್ ಸಾರ್, ಇನ್ನೊಂದು ತಗೊಳ್ಳೋಣ. ಸ್ವಲ್ಪ ಖುಷಿಯಾಗಿ, ಆದ್ರೆ ನಗು ಬೇಡ.’ ಸಿಮೆಂಟಿನ ಜಾಹೀರಾತಿಗೆ ನಗದೆ ಖುಷಿಪಡುವುದು ಹೇಗೆಂದು ಕೇಳಬಾರದು. ಕೇಳಿದರೆ ಗಾಜಿನಾಚೆ ಕೂತ ಕ್ಲೈಂಟು ಬಾಯಿ ತೆರೆಯುತ್ತಾರೆ. ಅದು ಇನ್ನೂ ಅಪಾಯ. ‘ಆಗ್ಲಿ ಸಾರ್’ ಎಂದು ತುಟಿಯನ್ನಷ್ಟು ಅರಳಿಸಿ ಓದಿಬಿಡಬೇಕು. ತುಟಿ ಅರಳಿದರೆ ದನಿಯೂ ಬೆಳಗುತ್ತದೆ, ಮೈಕಿಗೆ ಅಷ್ಟೇ ಸಾಕು.

ಇದೆಲ್ಲ ಆರ್ಸನ್ ವೆಲ್ಸ್‌ಗೆ ಗೊತ್ತಿರಲಿಲ್ಲವೇ? 1938ರಲ್ಲಿ ರೇಡಿಯೋ ನಾಟಕದಿಂದ ಅಮೆರಿಕದ ಕೇಳುಗರನ್ನು ಬೆಚ್ಚಿಬೀಳಿಸಿ, 1941ರಲ್ಲಿ ‘ಸಿಟಿಜನ್ ಕೇನ್’ ಕೊಟ್ಟ ಮಹಾನುಭಾವ. ಮುಂದೊಮ್ಮೆ ಬ್ರಿಟಿಷ್ ಟಿವಿಗಾಗಿ ಫ್ರೋಜನ್ ಬಟಾಣಿಯ ಜಾಹೀರಾತು ಓದಲು ಕೂತರು. ‘ಜುಲೈ’ ಹಿಂದಿದ್ದ ಪುಟಾಣಿ ಪದಕ್ಕೆ ಒತ್ತು ಕೊಡಿ ಎಂದದ್ದೇ ತಡ, ಸಿಡಿದರು. ಹಾಗೆ ಒತ್ತಿ ಮಾತಾಡುವವರು ಯಾರಿದ್ದಾರೆಂದು ಪಾಠವನ್ನೇ ಮಾಡಿದರು. ವಾದದಲ್ಲಿ ನನ್ನ ಓಟು ಅವರಿಗೇ. ಆದರೆ ಟೇಪು ತಿರುಗುತ್ತಲೇ ಇತ್ತಲ್ಲ! ಬಟಾಣಿಯನ್ನು ಮರೆತ ಜನ ಆ ಜಗಳವನ್ನು ಮಾತ್ರ ಇಂದಿಗೂ ಹುಡುಕಿ ಹುಡುಕಿ ಕೇಳುತ್ತಾರೆ.