ಉಣ್ಣಿಯ ಖಾನಾವಳಿ

ನಾಯಿ ಸಾಕಿದ ಮನೆಯಲ್ಲಿ ಉಣ್ಣಿಯ ಮಾತು ಬಂತೆಂದರೆ ಎಲ್ಲರ ಕಣ್ಣೂ ನಾಯಿಯ ಮೇಲೇ. ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಮೊದಲು ನಾಯಿಗೆ ಜಳಕ, ಆಮೇಲೆ ನಾಯಿಗೆ ಬೈಗುಳ, ಕೊನೆಗೆ ನಾಯಿಗೆ ಔಷಧ. ನನ್ನ ತಕರಾರು ಇರುವುದು ಇಲ್ಲೇ. ಉಣ್ಣಿ ಹತ್ತಿರುವುದು ಮನೆಗೆ; ನಾಯಿ ಬರೀ ಖಾನಾವಳಿ. ನಮ್ಮ ನಾಯಿಗಳ ಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣಿ ಮೊಟ್ಟೆಯೊಡೆದು ಬಂದಾಗ ಆರು ಕಾಲಿನ ಚುಕ್ಕೆ. ಒಂದು ಊಟ ಮುಗಿಸಿ ನಾಯಿಯಿಂದಿಳಿದು, ಗೋಡೆಯ ಸಂದಿನಲ್ಲಿ ಪೊರೆ ಬಿಟ್ಟು ಎಂಟು ಕಾಲಿನದಾಗುತ್ತದೆ. ಮತ್ತೆ ಬಂದು ಉಂಡು, ಮತ್ತೆ ಇಳಿದು, ಪ್ರಾಯಕ್ಕೆ ಬರುತ್ತದೆ. ಮೂರನೆಯ ಊಟಕ್ಕೆ ಕೂತ ಹೆಣ್ಣು ಸುಮಾರು ಒಂದು ವಾರ ಮೇಲೇಳುವುದಿಲ್ಲ. ಹೆಸರುಕಾಳಿನಷ್ಟೂ ಇರದಿದ್ದದ್ದು ಬೂದು ಬಣ್ಣದ ಗುಂಡಾಗಿ ಉರುಳಿ ಇಳಿದು, ಬಿರುಕು ಹುಡುಕಿ, ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮನೆಯಲ್ಲಿರುವ ಉಣ್ಣಿಗಳಲ್ಲಿ ನೂರಕ್ಕೆ ಐದು ಮಾತ್ರ ನಾಯಿಯ ಮೈಮೇಲಿರುತ್ತವೆ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಉಳಿದ ತೊಂಬತ್ತೈದು ಚೌಕಟ್ಟಿನ ಸಂದಿನಲ್ಲಿ, ಗೋಣಿತಟ್ಟಿನಲ್ಲಿ, ಹಳೆಯ ಮಾಳಿಗೆ ಮನೆಯಾದರೆ ಜಂತಿಯಲ್ಲಿ ಇರುತ್ತವೆ. ಮೇಲಕ್ಕೆ ಹತ್ತುವುದು ಈ ಜಾತಿಯ ಸ್ವಭಾವ. ನಾವು ನೆಲ ಸಾರಿಸುವಾಗ ಅವು ಮೇಲಿಂದ ನೋಡುತ್ತಿರುತ್ತವೆ.

“ನಮ್ಮ ನಾಯಿ ಹೊರಗ ಹೋಗಾಂಗೇ ಇಲ್ರೀ, ಮತ್ತ ಉಣ್ಣಿ ಎಲ್ಲಿಂದ ಬಂದ್ವು?” ಎಂಬುದು ಮೊದಲ ಆಕ್ಷೇಪ. ಹೊರಗೆ ಹೋಗದ ನಾಯಿಗೂ ಈ ಉಣ್ಣಿ ಚೆನ್ನಾಗಿ ಹತ್ತುತ್ತದೆ. ಮೊಟ್ಟೆಯಿಂದ ಮೊಟ್ಟೆಯವರೆಗಿನ ಇಡೀ ಸಂಸಾರವನ್ನು ಅದು ಮನೆಯೊಳಗೇ ಮುಗಿಸಬಲ್ಲದು. ಆಗ ತಪ್ಪು ಬಾಜೂ ಮನೆಯ ಎಮ್ಮೆಯ ಮೇಲೆ ಬೀಳುತ್ತದೆ. ಪಾಪ, ಅದಕ್ಕೆ ಅದರದೇ ಉಣ್ಣಿಗಳ ಕಾಟ. ದನಗಳಿಗೆ ಹೆಚ್ಚಾಗಿ ಹತ್ತುವ ಜಾತಿ ಒಂದೇ ಪ್ರಾಣಿಯ ಮೈಮೇಲೆ ಕೂತು ಮೂರೂ ಊಟ ಮುಗಿಸುವಂಥದು, ಖಾನಾವಳಿ ಬದಲಿಸುವ ಗೋಜಿಗೇ ಹೋಗುವುದಿಲ್ಲ. ಇನ್ನು ಕೆಲವರು ಭೂಗೋಳ ಹೇಳುತ್ತಾರೆ: ಉಣ್ಣಿ ಏನಿದ್ದರೂ ಮಲೆನಾಡಿನ ಸೆರಗಿನ ಕಿತ್ತೂರು ಕಡೆಯದು, ರಾಮದುರ್ಗದ ಬಿಸಿಲಿಗೆ ಅದು ಒಣಗಿ ಸಾಯುತ್ತದೆ. ಕಾಡಿನ ಉಣ್ಣಿಯ ಮಟ್ಟಿಗೆ ಈ ಮಾತಿಗೆ ಅರ್ಥವಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅಂಥ ಕಾಡಿನ ಉಣ್ಣಿ, ಅದರ ಜಾತಿಯೇ ಬೇರೆ. ಆ ಹೆದರಿಕೆಗೆ ಮನೆಯ ನಾಯಿಯನ್ನು ಓಡಿಸಬೇಕಾಗಿಲ್ಲ. ಕಂದು ಉಣ್ಣಿಗಾದರೋ ಸೆಖೆಯೇ ಇಷ್ಟ. ಬಿಸಿ ಹೆಚ್ಚಿದಷ್ಟೂ ಅದರ ತಲೆಮಾರುಗಳು ಬೇಗ ಬೇಗ ಉರುಳುತ್ತವೆ. ಅನುಕೂಲವಿದ್ದರೆ ಎರಡು ತಿಂಗಳಿಗೊಂದು ತಲೆಮಾರು. ಊಟ ಸಿಗದಿದ್ದರೆ ಪ್ರಾಯದ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ನಮ್ಮ ಏಕಾದಶಿಗಳು ಅದಕ್ಕೆ ಲೆಕ್ಕಕ್ಕಿಲ್ಲ.

ಮನೆಮದ್ದಿನವರ ವಾದ ಇದಕ್ಕಿಂತ ಗಟ್ಟಿ, ಯಾಕೆಂದರೆ ಅದರಲ್ಲಿ ಖರ್ಚಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಭಂಡಾರದ ಬಗ್ಗೆ ಹಗುರ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಅರಿಷಿಣ ಬಳಿದ ಉಣ್ಣಿ ಅರಿಷಿಣ ಬಳಿದುಕೊಂಡೇ ರಕ್ತ ಹೀರುತ್ತದೆ. ಸೀಮೆಎಣ್ಣೆಯಿಂದ ನಾಯಿಯ ಚರ್ಮ ಸುಡುತ್ತದೆ. ಬೈಲಹೊಂಗಲದಂಥ ಹತ್ತಿಯ ಊರಿನಲ್ಲಿ ಇನ್ನೂ ದೊಡ್ಡ ಅಪಾಯವಿದೆ: ಹೊಲಕ್ಕೆ ಹೊಡೆದು ಡಬ್ಬಿಯ ತಳದಲ್ಲಿ ಉಳಿದ ‘ಎಣ್ಣಿ’, ಅಂದರೆ ಕೀಟನಾಶಕ. ನಾಯಿ ಮೈ ನೆಕ್ಕುವ ಪ್ರಾಣಿ. ಹಚ್ಚಿದ್ದು ಹೊಟ್ಟೆಗೆ ಹೋಗಿ, ಜೊಲ್ಲು ಸುರಿಸಿ, ನಡುಗಿ, ಉಣ್ಣಿಗಿಂತ ಮೊದಲು ಅದೇ ಸಾಯಬಹುದು. ಕುರಿಗೆ ತಂದ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೂ ಚುಚ್ಚುವುದು ಇದೇ ಜಾಣತನದ ತಮ್ಮ. ಕೈಯಿಂದ ಕೀಳುವುದು ಮಾತ್ರ ಒಳ್ಳೆಯ ಪದ್ಧತಿ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ತಿರುಚದೆ ನೇರ ಎಳೆಯಬೇಕು, ಸಾಬೂನು ನೀರಿಗೆ ಹಾಕಬೇಕು. ನಮ್ಮವರು ಅದನ್ನು ಅಂಗಳಕ್ಕೆ ಎಸೆಯುತ್ತಾರೆ. ಹೊಟ್ಟೆ ತುಂಬಿದ ಹೆಣ್ಣು ಹೇಗೂ ಇಳಿಯಬೇಕೆಂದೇ ಕೂತಿತ್ತು, ಎಸೆದವರು ಅದರ ಅರ್ಧ ದಾರಿ ಉಳಿಸಿಕೊಟ್ಟರು. ರಾಮದುರ್ಗದ ಪಕ್ಕದ ಮುಧೋಳದ ತಳಿಯನ್ನು ಸಾಕಿದವರು ಮೋಟು ಕೂದಲಿನಲ್ಲಿ ಉಣ್ಣಿ ತಾನೇ ಕಾಣುತ್ತದೆಂದು ನಿಶ್ಚಿಂತರಾಗಿರುತ್ತಾರೆ. ಅದು ಕೂರುವುದು ಕಿವಿಯ ಒಳಮಡಿಕೆಯಲ್ಲಿ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ.

“ಒಂದೆರಡು ಹನಿ ರಕ್ತ ಕುಡೀತಾವು, ಕುಡೀಲಿ ಬಿಡ್ರಿ” ಎನ್ನುವ ಉದಾರಿಗಳಿದ್ದಾರೆ. ರಕ್ತದ ಲೆಕ್ಕವಷ್ಟೇ ಆಗಿದ್ದರೆ ನಾನೂ ಬಿಡುತ್ತಿದ್ದೆ. ಊಟಕ್ಕೆ ಬಂದ ಗಿರಾಕಿ ಎರ್ಲಿಕಿಯಾ, ಬೆಬೀಸಿಯಾ ಎಂಬ ರೋಗಾಣುಗಳನ್ನೂ ಬಿಟ್ಟು ಹೋಗುತ್ತಾನೆ. ಜ್ವರ ಬರುತ್ತದೆ, ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತ ಬರುತ್ತದೆ. “ಬ್ಯಾಸಿಗಿ ಉಷ್ಣ ಆಗೇತಿ” ಎಂದು ಮಜ್ಜಿಗೆ ಕುಡಿಸುತ್ತ ಕೂತರೆ ವಾರಗಳು ಹೋಗುತ್ತವೆ. ದನದ ದವಾಖಾನೆಗೆ ಬೇಗ ಒಯ್ದರೆ ರಕ್ತ ನೋಡಿ ಔಷಧ ಕೊಡುತ್ತಾರೆ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸುಮಾರು ನಾಲ್ಕು ವಾರ ನುಂಗಿಸಬೇಕು, ಮೂರನೆಯ ದಿನ ನಾಯಿ ಬಾಲ ಅಲ್ಲಾಡಿಸಿತೆಂದು ನಿಲ್ಲಿಸಬಾರದು.

ಈಗ ಒಂದು ಗುಳಿಗೆ ನುಂಗಿಸಿದರೆ ತಿಂಗಳೋ ಮೂರು ತಿಂಗಳೋ ಉಣ್ಣಿಯ ಚಿಂತೆಯಿಲ್ಲವಲ್ಲ, ಗೋಡೆಯ ಗೊಡವೆ ಯಾಕೆ ಎಂದು ಕೇಳಬಹುದು. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಗುಳಿಗೆ ಒಳ್ಳೆಯದೇ, ಉಣ್ಣಿ ಬದುಕಬೇಕೆಂದರೆ ಖಾನಾವಳಿಗೆ ಬರಲೇಬೇಕು, ಬಂದು ಉಂಡದ್ದು ಸಾಯುತ್ತದೆ. ಆದರೆ ಸಾಯುವುದು ಉಂಡ ಮೇಲೆ, ಅದಕ್ಕೂ ಹಲವು ತಾಸು ಬೇಕು. ಬೆಬೀಸಿಯಾ ದಾಟಲು ಸಾಮಾನ್ಯವಾಗಿ ಒಂದೆರಡು ದಿನ ಹಿಡಿದರೆ, ಎರ್ಲಿಕಿಯಾಕ್ಕೆ ಕೆಲವೇ ತಾಸು ಸಾಕು. ಹಾಗಾಗಿ ಬರುವ ಗಿರಾಕಿಗಳೇ ಕಡಿಮೆಯಾಗಬೇಕು. ಬಿರುಕಿಗೆ ಗಿಲಾವು, ಸಂದಿಗೆ ವೈದ್ಯರು ಹೇಳಿದ ಔಷಧ (ಅದು ಒಣಗುವವರೆಗೆ ನಾಯಿ, ಕೂಸು, ಬೆಕ್ಕು ಹೊರಗೆ), ಹಾಸಿಗೆಗೆ ವಾರಕ್ಕೊಮ್ಮೆ ಕುದಿಯುವ ನೀರು. ಇದೇನು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ದಸರೆ ಬಂತೆಂದರೆ ಮನೆಗೆ ಸುಣ್ಣ ಬಳಿದು, ಇದ್ದಬದ್ದ ಕೌದಿಯನ್ನೆಲ್ಲ ಹೊತ್ತು ಮಲಪ್ರಭೆಗೆ ಹೋಗುವ ಜನ ನಾವು. ಆದರೆ ವರ್ಷಕ್ಕೊಂದು ದಸರೆ, ಅಷ್ಟರೊಳಗೆ ಉಣ್ಣಿಗೆ ಆರು ತಲೆಮಾರು. ಹೊಳೆಗೆ ಹೋಗುವ ಆ ಗಂಟಿನಲ್ಲಿ ಅಜ್ಜನ ಕಂಬಳಿಯಿಂದ ಹಿಡಿದು ತೊಟ್ಟಿಲ ಬಟ್ಟೆಯವರೆಗೆ ಎಲ್ಲವೂ ಇರುತ್ತದೆ, ನಾಯಿಯ ಗೋಣಿತಟ್ಟೊಂದನ್ನು ಬಿಟ್ಟು.