ದುಂಡು ಸೀಲಿನ ನೇರ ಮಾತು

ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗವನ್ನು ನಡೆಸುವವರು ಯಾರು? ಅಧ್ಯಕ್ಷರು ಅನ್ನುತ್ತದೆ ಬಾಗಿಲ ಮೇಲಿನ ಫಲಕ. ಡೀನ್ ಅನ್ನುತ್ತದೆ ಕೈಪಿಡಿ. ನಾನು ಅನ್ನುತ್ತಾರೆ ಕುಲಸಚಿವರು. ವಿಭಾಗದ ಅಟೆಂಡರ್ ಮಾತ್ರ ತುಟಿ ಬಿಚ್ಚದೆ ಮೇಜಿನ ಎಡಗಡೆಯ ಡ್ರಾಯರ್ ಎಳೆದು ತೋರಿಸಿದರು. ಅಲ್ಲಿ ನೇರಳೆ ಶಾಯಿಯ ಪ್ಯಾಡಿಗೆ ಒರಗಿಕೊಂಡು, ಹಿಡಿ ಸವೆದ ದುಂಡು ಸೀಲೊಂದು ಮಲಗಿತ್ತು. ನಾಳಿನ ಮೇಷ್ಟ್ರುಗಳನ್ನು ತಯಾರು ಮಾಡುವ ಜಾಗದ ಚುಕ್ಕಾಣಿ ಹಿಡಿಯುವುದೆಂದರೆ ಏನೆಂದು ತಿಳಿಯಲು ಇದಕ್ಕಿಂತ ಅನುಭವಸ್ಥರು ಸಿಗಲಾರರು ಅನ್ನಿಸಿ ಮಾತಿಗೆ ಕೂತೆವು. ವಿಶ್ವವಿದ್ಯಾಲಯದ ಹೆಸರು ಬರೆಯಬಾರದೆಂಬ ಷರತ್ತು ಇತ್ತು. 'ಬರೆದರೂ ತೊಂದರೆಯಿಲ್ಲ, ಪಕ್ಕದ ಜಿಲ್ಲೆಯವರು ತಮ್ಮದೇ ಅಂದುಕೊಳ್ಳುತ್ತಾರೆ' ಎಂದು ಸೀಲೇ ಆಮೇಲೆ ಸೇರಿಸಿತು.

ಪತ್ರಿಕೆ: ನಮಸ್ಕಾರ. ತಮ್ಮ ಪರಿಚಯ?

ಸೀಲು: ಸುತ್ತ ವಿಶ್ವವಿದ್ಯಾಲಯದ ಹೆಸರು, ನಡುವೆ 'ಅಧ್ಯಕ್ಷರು, ಶಿಕ್ಷಣ ಅಧ್ಯಯನ ವಿಭಾಗ'. ಇಷ್ಟೇ ನಾನು. ಯಾರ ಹೆಸರೂ ನನ್ನ ಮೇಲಿಲ್ಲ, ಅದಕ್ಕೇ ಬಾಳಿಕೆ ಬಂದಿದ್ದೇನೆ. ಅಧ್ಯಕ್ಷರು ಸರದಿ ಪ್ರಕಾರ ಬದಲಾಗುತ್ತಾರೆ. ಇದ್ದ ಪ್ರೊಫೆಸರು ನಿವೃತ್ತರಾಗಿ ಹುದ್ದೆ ತುಂಬದೇ ಹೋದರೆ ಪಕ್ಕದ ವಿಭಾಗದವರಿಗೆ ಹೆಚ್ಚುವರಿ ಪ್ರಭಾರ. ಆಗ ನನ್ನ ಗುರುತಿನ ಕೆಳಗೆ 'ಪ್ರಭಾರ' ಅಂತ ಬಾಲ್‌ಪೆನ್ನಿನಲ್ಲಿ ಬರೆಯುತ್ತಾರೆ. ಒಮ್ಮೆ ಭೂಗರ್ಭಶಾಸ್ತ್ರದವರು ಬಂದಿದ್ದರು. 'ನನಗೆ ಕಲ್ಲು ಗೊತ್ತು, ಮಕ್ಕಳು ಗೊತ್ತಿಲ್ಲ' ಅಂತ ಮೊದಲ ದಿನವೇ ಹೇಳಿಬಿಟ್ಟರು. ಮಕ್ಕಳು ಗೊತ್ತು ಅಂದವರಿಗೂ ಅವರಿಗೂ ನನ್ನ ಕೆಲಸದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ನೋಡಿ.

ಪತ್ರಿಕೆ: ಅಧ್ಯಕ್ಷರ ಒಂದು ದಿನ ಹೇಗಿರುತ್ತದೆ?

ಸೀಲು: ಬೆಳಗ್ಗೆ ಟಪಾಲು. ಕುಲಸಚಿವರ ಸುತ್ತೋಲೆ, ಪರೀಕ್ಷಾ ವಿಭಾಗದ ಜ್ಞಾಪನ, ಹಣಕಾಸು ಅಧಿಕಾರಿಗಳ ಆಕ್ಷೇಪಣೆ. ಹಣಬಳಕೆ ಪ್ರಮಾಣಪತ್ರ ಬಂದಿಲ್ಲ ಅಂತ ಒಂದು ಪತ್ರ, ಬಂದಿದೆ ಆದರೆ ಸೀಲು ಮಸುಕಾಗಿದೆ ಅಂತ ಇನ್ನೊಂದು. ಆಮೇಲೆ ವಿದ್ಯಾರ್ಥಿಗಳ ಸಾಲು: ಬಸ್ ಪಾಸು, ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ವ್ಯಾಸಂಗ ಪ್ರಮಾಣಪತ್ರ. ಮಧ್ಯಾಹ್ನ ಅತಿಥಿ ಉಪನ್ಯಾಸಕರ ಗೌರವಧನದ ಬಿಲ್ಲು. ಸಂಜೆ ವಿಚಾರ ಸಂಕಿರಣದ ಸರ್ಟಿಫಿಕೇಟುಗಳು, ಅವು ಸಭಾಂಗಣದಲ್ಲಿ ಕೂತಿದ್ದವರಿಗಿಂತ ಯಾವಾಗಲೂ ಜಾಸ್ತಿ. ಐದೂವರೆಗೆ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು 'ಇವತ್ತೂ ಕ್ಲಾಸ್ ತಗೊಳ್ಳೋಕಾಗ್ಲಿಲ್ಲ ಕಣ್ರೀ' ಅನ್ನುತ್ತಾರೆ. ಅಟೆಂಡರು 'ನಾಳೆ ತಗೊಂಡರಾಯ್ತು ಬಿಡಿ ಸಾರ್' ಅನ್ನುತ್ತಾರೆ. ಅಧ್ಯಕ್ಷರು ಎಷ್ಟೇ ಬದಲಾದರೂ ಈ ಎರಡು ಮಾತು ಬದಲಾಗಿಲ್ಲ.

ಪತ್ರಿಕೆ: ಆದರೆ ಬಿ.ಇಡಿ.ಗೆ ಕಟ್ಟುನಿಟ್ಟಿನ ನಿಯಮಗಳಿವೆಯಲ್ಲ?

ಸೀಲು: ಇಲ್ಲದೆ ಏನು! ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇಯ 2014ರ ನಿಯಮಾವಳಿ ನನಗೆ ಬಾಯಿಪಾಠ. ವರ್ಷಕ್ಕೆ 200 ಕೆಲಸದ ದಿನ, ವಾರಕ್ಕೆ 36 ಗಂಟೆ. ತರಗತಿಗೆ ಶೇ 80 ಹಾಜರಿ, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ 90. ಐವತ್ತರ ಒಂದು ಘಟಕ, ಎರಡು ಘಟಕವಿದ್ದರೆ 16 ಬೋಧಕರು. ಇಂಟರ್ನ್‌ಶಿಪ್ಪು ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಬರೆದವರು ತಿಳಿದವರು, ನಾನು ಇಲ್ಲವೆನ್ನುವುದಿಲ್ಲ. ಮೇಷ್ಟ್ರಾಗುವವನು ಶಾಲೆಯಲ್ಲೇ ಬೇಯಬೇಕು ಅನ್ನುವುದು ಅದರ ಆಶಯ. ಆದರೆ ಆ 16 ಮಂದಿಯಲ್ಲಿ ನಮ್ಮಲ್ಲಿ ಕಾಯಂ ಇರುವವರು ಇಬ್ಬರು. ಒಬ್ಬರು ಅಧ್ಯಕ್ಷರು. ಇನ್ನೊಬ್ಬರು ಮುಂದಿನ ಅಧ್ಯಕ್ಷರು. ಮಿಕ್ಕವರೆಲ್ಲ ಅತಿಥಿಗಳು. ಅತಿಥಿ ದೇವೋಭವ ಅನ್ನುತ್ತೇವೆ, ದೇವರಿಗೆ ಸಂಬಳ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಬಿಲ್ಲು ಮೂರು ತಿಂಗಳು ಆ ಮೇಜು ಈ ಮೇಜು ಓಡಾಡುತ್ತದೆ.

ಪತ್ರಿಕೆ: ಶಾಲೆಯಲ್ಲಿ ನಿಮ್ಮ ಪ್ರಶಿಕ್ಷಣಾರ್ಥಿಗಳು ಏನು ಕಲಿಯುತ್ತಾರೆ?

ಸೀಲು: ಎಲ್ಲ ಕಲಿಯುತ್ತಾರೆ. ಸರ್ಕಾರಿ ಪ್ರೌಢಶಾಲೆಯ ಹೆಡ್‌ಮೇಷ್ಟ್ರು ಫೋನು ಮಾಡಿ 'ಗಣಿತದ ಪೋಸ್ಟು ಖಾಲಿ ಇದೆ, ಗಣಿತದವರನ್ನೇ ಕಳಿಸಿ' ಅನ್ನುತ್ತಾರೆ. ಹೋದ ಹುಡುಗ ಎರಡು ಸೆಕ್ಷನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಾನೆ, ಮಧ್ಯಾಹ್ನ ಮೊಟ್ಟೆ ಎಣಿಸುತ್ತಾನೆ, ಸಂಜೆ ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ವಿವರ ತುಂಬುತ್ತಾನೆ. ಅವನ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಎಲ್ಲಿ ಮಗು ಕೈಬಿಟ್ಟು ಹೋಯಿತು ಅಂತ ಹೇಳಬೇಕಾದ ಮೇಲ್ವಿಚಾರಕರು ಕೊನೆಯ ದಿನ ಬರುತ್ತಾರೆ. ಗುಂಪು ಫೋಟೋ ಇರುತ್ತದಲ್ಲ. ವೀಕ್ಷಣಾ ಪುಸ್ತಕದ ಎಲ್ಲ ಪುಟದಲ್ಲೂ ಒಂದೇ ಷರಾ: 'ಧ್ವನಿ ಸ್ಪಷ್ಟವಾಗಿದೆ. ಕಪ್ಪುಹಲಗೆ ಬಳಕೆ ಸುಧಾರಿಸಲಿ.' ಆ ಶಾಲೆಯಲ್ಲಿ ಕಪ್ಪುಹಲಗೆ ತೆಗೆದು ಬಿಳಿಹಲಗೆ ಹಾಕಿ ಎರಡು ವರ್ಷವಾಗಿತ್ತು. ನಾನು ಬಿದ್ದೆ, ಮಾನ್ಯವಾಯಿತು.

ಪತ್ರಿಕೆ: ಅದಕ್ಕೂ ಮುಂಚೆ ಸೂಕ್ಷ್ಮಬೋಧನೆ ಇರುತ್ತದಲ್ಲ?

ಸೀಲು: ಅಬ್ಬಬ್ಬಾ, ಅದನ್ನು ನೋಡಬೇಕು ನೀವು. 36 ನಿಮಿಷದ ಚಕ್ರ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ಪಾಠ, ಮತ್ತೆ 6 ಹಿಮ್ಮಾಹಿತಿ. ಮಕ್ಕಳಾಗಿ ಕೂರುವವರು ಸಹಪಾಠಿಗಳೇ. ಎರಡು ಮಕ್ಕಳ ತಾಯಿಯೊಬ್ಬರು ಎಂಟನೇ ಕ್ಲಾಸಿನ ಹುಡುಗಿಯಾಗಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, 'ಗಾಂಧೀಜಿಯವರು ಸಾರ್' ಅನ್ನುತ್ತಾರೆ. 'ಶಭಾಷ್ ಮರಿ, ಕೂತ್ಕೋ' ಅನ್ನುತ್ತಾನೆ ಅವರಿಗಿಂತ ಹತ್ತು ವರ್ಷ ಚಿಕ್ಕವನು. ಪುನರ್ಬಲನ ಕೌಶಲಕ್ಕೆ ಟಿಕ್ ಬೀಳುತ್ತದೆ. ಈ ಮಕ್ಕಳಿಗೆ ಎಲ್ಲ ಉತ್ತರ ಗೊತ್ತಿರುತ್ತದೆ. ಯಾರೂ ಬಾಯಿಗೆ ಬಂದಂತೆ ಪ್ರಶ್ನೆ ಕೇಳುವುದಿಲ್ಲ, ಯಾರಿಗೂ ಮೂತ್ರ ಬರುವುದಿಲ್ಲ, ಯಾರ ಪೆನ್ನೂ ಕಳುವಾಗುವುದಿಲ್ಲ.

ಪತ್ರಿಕೆ: ಸಂಯೋಜಿತ ಕಾಲೇಜುಗಳ ಪರಿಶೀಲನೆಗೂ ನಿಮ್ಮ ಅಧ್ಯಕ್ಷರು ಹೋಗುತ್ತಾರಂತೆ?

ಸೀಲು: ಸಮಿತಿಯಲ್ಲಿ ಹೋಗುತ್ತಾರೆ, ನಾನೂ ಜೇಬಿನಲ್ಲಿ ಹೋಗುತ್ತೇನೆ. ಹೋದಲ್ಲೆಲ್ಲ ಗ್ರಂಥಾಲಯ ತುಂಬಿರುತ್ತದೆ. ಪುಸ್ತಕ ತೆರೆದರೆ ಬೇರೆ ಕಾಲೇಜಿನ ಮೊಹರು, ನನ್ನ ಜಾತಿಯವರೇ, ಮುಖ ಮುಖ ನೋಡಿಕೊಂಡು ಸುಮ್ಮನಾಗುತ್ತೇವೆ. ಹಸಿರು ಟೇಪು ಸುತ್ತಿದ ಒಂದೇ ಪ್ರೊಜೆಕ್ಟರನ್ನು ಮೂರು ಊರಲ್ಲಿ ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ನೂರು ಹೆಸರು, ಕೊಠಡಿಯಲ್ಲಿ ಹನ್ನೆರಡು ಮಂದಿ. ಮಿಕ್ಕವರೆಲ್ಲಿ ಅಂದರೆ 'ಇಂಟರ್ನ್‌ಶಿಪ್ಪಿಗೆ ಹೋಗಿದ್ದಾರೆ ಸಾರ್'. ಅವರು ಪರೀಕ್ಷೆಗೆ ಮಾತ್ರ ರೈಲು ಹತ್ತಿ ಬರುವವರು ಅಂತ ಊರಿನ ಆಟೋದವನಿಗೂ ಗೊತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿ ಗೊತ್ತಲ್ಲ? ಅದನ್ನೇ ಎತ್ತಿಕೊಂಡು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು: ದೇಶದಲ್ಲಿ ಹತ್ತು ಸಾವಿರಕ್ಕೂ ಮೀರಿ ಇರುವ, ಶಿಕ್ಷಕರ ತರಬೇತಿಯೊಂದನ್ನೇ ನಡೆಸುವ ಸಂಸ್ಥೆಗಳಲ್ಲಿ ಬಹುಪಾಲು ಪದವಿಯನ್ನು ದುಡ್ಡಿಗೆ ಮಾರುತ್ತಿವೆ ಅಂತ. ಸರ್ಕಾರದ ಕಾಗದದಲ್ಲೇ ಅಷ್ಟು ನೇರವಾಗಿ ಬರೆದಾಗ ನನಗೆ ಸಂತೋಷವಾಯಿತು. ಆಮೇಲೆ ಯೋಚಿಸಿದೆ, ಆ ಪದವಿಗಳ ಹಿಂದಿನ ಕಡತಗಳಲ್ಲೆಲ್ಲ ನನ್ನಂಥ ಯಾರೋ ಒಬ್ಬ ಬಿದ್ದೇ ಇರುತ್ತಾನೆ.

ಪತ್ರಿಕೆ: ಈಗ ನಾಲ್ಕು ವರ್ಷದ ಸಮಗ್ರ ಬಿ.ಇಡಿ. ಬಂದಿದೆ. ಹೊಸ ಗಾಳಿ ಬೀಸುತ್ತಿದೆಯೇ?

ಸೀಲು: ಹೊಸದೇ? ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯವರಿಗೆ ಹೀಗಂದರೆ ನಗುತ್ತಾರೆ. ಎನ್‌ಸಿಇಆರ್‌ಟಿಯ ಆ ಕಾಲೇಜು ಶುರುವಾದದ್ದು 1963ರಲ್ಲಿ, ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಕೂಡಿಸಿ ಕಲಿಸುವ ಪ್ರಯೋಗ ಆಗಿನದೇ. ಅರವತ್ತು ವರ್ಷ ಕಣ್ಣೆದುರಿಗೇ ಇದ್ದದ್ದನ್ನು ದೇಶ ಈಗ ಕಂಡುಹಿಡಿದಿದೆ. ಈ ನಡುವೆ ಬಿ.ಇಡಿ. ಒಂದು ವರ್ಷದ್ದಾಗಿತ್ತು. 2015ರಲ್ಲಿ ಎರಡು ವರ್ಷದ್ದಾಯಿತು. ಆಮೇಲೆ ನಾಲ್ಕು ಅಂದರು. 2025ರ ಕರಡು ನಿಯಮಾವಳಿಯಲ್ಲಿ ಮತ್ತೆ ಒಂದು ವರ್ಷದ್ದೂ ಕಾಣಿಸಿಕೊಂಡಿತು. ಪ್ರತಿ ಸಲವೂ ಪಠ್ಯಕ್ರಮ ಸಮಿತಿ ಸಭೆ, ಗೋಡಂಬಿ, ನಡಾವಳಿ, ನಾನು. ಎಷ್ಟು ವರ್ಷ ಅನ್ನುವುದರ ಬಗ್ಗೆ ಗಂಟೆಗಟ್ಟಲೆ ಜಗಳ ಕೇಳಿದ್ದೇನೆ. ಆ ವರ್ಷಗಳಲ್ಲಿ ಯಾರು ಯಾರ ಪಾಠವನ್ನು ಎಷ್ಟು ಸಲ ಕೂತು ನೋಡುತ್ತಾರೆ ಅಂತ ಕೇಳಿದವರನ್ನು ಸಭೆಯಲ್ಲಿ ಕಂಡಿಲ್ಲ. 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು, ಶಿಕ್ಷಕರ ತರಬೇತಿ ಅತ್ತ ವಿಶ್ವವಿದ್ಯಾಲಯದಿಂದಲೂ ಇತ್ತ ಶಾಲೆಗಳಿಂದಲೂ ದೂರ ಉಳಿದಿದೆ, ಈ ದೂರ ಹೋಗಬೇಕು ಅಂತ. ನಮ್ಮ ವಿಭಾಗ ಎಲ್ಲಿದೆ ನೋಡಿದಿರಲ್ಲ? ಕ್ಯಾಂಟೀನು ದಾಟಿ, ನೀರಿನ ಟ್ಯಾಂಕು ದಾಟಿ, ಡಾಂಬರು ಮುಗಿದ ಮೇಲೆ.

ಪತ್ರಿಕೆ: ಹಿಂದಿನವರು ಹೇಗೆ ನಡೆಸಿದರು?

ಸೀಲು: ಧಾರವಾಡದ ಹಳೆಯ ಮೊಹರುಗಳು ಒಂದು ಹೆಸರು ಹೇಳುತ್ತವೆ. ಡೆಪ್ಯೂಟಿ ಚನ್ನಬಸಪ್ಪನವರು. 1860ರ ದಶಕದಲ್ಲಿ ಅಲ್ಲಿನ ನಾರ್ಮಲ್ ಸ್ಕೂಲಿನ, ಅಂದರೆ ಮೇಷ್ಟ್ರುಗಳ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದರು. ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈಯಾಗಿದ್ದ ಕಾಲ ಅದು. ಕನ್ನಡ ಶಾಲೆ ತೆರೆಯಿರಿ ಅಂದರೆ ಸಾಲದು, ಕಲಿಸುವ ಮೇಷ್ಟ್ರು ಬೇಕು, ಮೇಷ್ಟ್ರಿಗೆ ಪುಸ್ತಕ ಬೇಕು. ಆ ಮನುಷ್ಯ ಮೂರಕ್ಕೂ ಕೈಹಾಕಿದರು. ಶೇಕ್ಸ್‌ಪಿಯರನ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೂ ತಂದರು. ಈಗಿನ ಲೆಕ್ಕದಲ್ಲಿ ಅದು ಯಾವ ಸೂಚ್ಯಂಕದ ಪತ್ರಿಕೆಯಲ್ಲೂ ಬಾರದ ಕೆಲಸ, ಬಡ್ತಿಗೆ ಅಂಕ ಸಿಗುತ್ತಿರಲಿಲ್ಲ ಪಾಪ.

ಪತ್ರಿಕೆ: ನಿಮ್ಮ ಕಾಲದಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲವೇ?

ಸೀಲು: ಒಬ್ಬರು ಸಿಕ್ಕಿದ್ದರು. ಮೇಡಂ ಒಬ್ಬರು. ಒಂದು ದಿನ ನನ್ನನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡಿದ್ದು ಮರೆತು, ಹೇಳದೆ ಕೇಳದೆ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದರು. ನಮ್ಮ ಹುಡುಗ ಹತ್ತನೇ ತರಗತಿಗೆ ದ್ಯುತಿಸಂಶ್ಲೇಷಣೆ ಪಾಠ ಮಾಡುತ್ತಿದ್ದ. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ ಅಂತ ಯೋಜನೆ ಪ್ರಕಾರ ಗಾಡಿ ಓಡುತ್ತಿತ್ತು. ಕಿಟಕಿ ಪಕ್ಕದ ಹುಡುಗಿ ಎದ್ದು 'ಸಾರ್, ರಾತ್ರಿ ಬಿಸಿಲಿಲ್ಲವಲ್ಲ, ಗಿಡ ಉಪವಾಸ ಇರ್ತದಾ?' ಅಂದಳು. ಹುಡುಗ ಪಾಠಯೋಜನೆ ನೋಡಿಕೊಂಡ. ಅದರಲ್ಲಿ ಆ ಪ್ರಶ್ನೆ ಇರಲಿಲ್ಲ. 'ಅದು ಆಮೇಲೆ ಬರ್ತದೆ, ಕೂತ್ಕೋ' ಅಂದ.

ಮೇಡಂ ಅಲ್ಲಿ ಏನೂ ಮಾತಾಡಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಧ್ವನಿಯ ಬಗ್ಗೆಯೂ ಹಲಗೆಯ ಬಗ್ಗೆಯೂ ಬರೆಯಲಿಲ್ಲ. 'ಆ ಹುಡುಗಿಗೆ ಗುರುವಾರ ಉತ್ತರ ಕೊಡು. ನಾನೂ ಬರುತ್ತೇನೆ' ಅಂತ ಬರೆದರು. ಸಂಜೆ ಅವನ ಜೊತೆ ಪ್ರಯೋಗಾಲಯದಲ್ಲಿ ಕೂತರು. ಒಂದು ಹೂಕುಂಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಟ್ಟರು, ಅದೇ ಜಾತಿಯ ಇನ್ನೊಂದನ್ನು ಬಿಸಿಲಲ್ಲಿ. ಗುರುವಾರ ಎರಡರಿಂದಲೂ ಒಂದೊಂದು ಎಲೆ ಕಿತ್ತು, ನೀರಲ್ಲಿ ಕುದಿಸಿ, ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ಟಿನ ಲೋಟ ಇಟ್ಟು ಹಸಿರು ಬಿಡಿಸಿ, ಅಯೋಡಿನ್ ಹನಿಸಿದರು. ಬಿಸಿಲಿನ ಎಲೆ ಕಪ್ಪುನೀಲಿಯಾಯಿತು. ಕತ್ತಲಿನದು ಆಗಲಿಲ್ಲ. 'ಹಗಲು ಕೂಡಿಟ್ಟ ಪಿಷ್ಟ ಕತ್ತಲಲ್ಲಿ ತಿಂದು ಖಾಲಿ ಮಾಡಿದೆ ಸಾರ್' ಅಂತ ಹೇಳಿದ್ದು ಅದೇ ಹುಡುಗಿ. ಆ ಹುಡುಗ ಆ ದಿನ ಮೇಷ್ಟ್ರಾದ. ಪ್ರಮಾಣಪತ್ರ ಸಿಕ್ಕಿದ್ದು ಮುಂದಿನ ವರ್ಷ.

ಪತ್ರಿಕೆ: ಮೇಡಂಗೆ ಮೆಚ್ಚುಗೆ ಬಂತೇ?

ಸೀಲು: ನೋಟಿಸು ಬಂತು. ಆ ವಾರ ನಾನು ಕಚೇರಿಯಲ್ಲಿ ಇರಲಿಲ್ಲವಲ್ಲ, 43 ಕಡತ ಬಾಕಿ. 'ಆಡಳಿತದಲ್ಲಿ ನಿರ್ಲಕ್ಷ್ಯ ಕಂಡುಬಂದಿದ್ದು, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.' ಸಮಜಾಯಿಷಿಗೂ ನಾನೇ ಬಿದ್ದೆ. ವಾರ್ಷಿಕ ವರದಿಯಲ್ಲಿ ಪ್ರಕಟಿತ ಲೇಖನಕ್ಕೆ ಕಾಲಂ ಇತ್ತು, ಒಡಂಬಡಿಕೆಗೆ ಕಾಲಂ ಇತ್ತು, ಗಿಡ ನೆಟ್ಟ ಫೋಟೋಗೂ ಇತ್ತು. ಎಲೆ ಕುದಿಸಿದ್ದಕ್ಕೆ ಕಾಲಂ ಇರಲಿಲ್ಲ.

ಪತ್ರಿಕೆ: ಮುಂದಿನ ಅಧ್ಯಕ್ಷರಿಗೆ ನಿಮ್ಮ ಸಲಹೆ?

ಸೀಲು: ದೊಡ್ಡ ಮಾತೇನಿಲ್ಲ. ವಾರಕ್ಕೊಂದು ದಿನ ನನ್ನನ್ನು ಸೂಪರಿಂಟೆಂಡೆಂಟರ ಕೈಗೆ ಕೊಟ್ಟು ಶಾಲೆಗೆ ಹೋಗಲಿ. ಬಸ್ ಪಾಸಿಗೆ ಪ್ರೊಫೆಸರು ಬೇಕಿಲ್ಲ. ಪ್ರಶಿಕ್ಷಣಾರ್ಥಿಗಳ ಪಾಠ ನೋಡಲಿ. ಅದಕ್ಕಿಂತ ಮುಖ್ಯ, ತಾವೇ ಎಂಟನೇ ಕ್ಲಾಸಿಗೆ ಒಂದು ಪಾಠ ಮಾಡಲಿ, ಆ ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕೂತು ಇವರ ವೀಕ್ಷಣಾ ಪುಸ್ತಕ ತುಂಬಲಿ. ಮಕ್ಕಳ ಮುಂದೆ ನಿಂತು ಹದಿನೈದು ವರ್ಷವಾದವರು, ಹೇಗೆ ನಿಲ್ಲಬೇಕು ಅಂತ ಕಲಿಸುತ್ತಿದ್ದಾರೆ. ನನಗೇ ನಾಚಿಕೆಯಾಗುತ್ತದೆ, ನಾನು ರಬ್ಬರು.

ಪತ್ರಿಕೆ: ಕೊನೆಯದಾಗಿ, ಈ ಸಂದರ್ಶನ ಅಧಿಕೃತ ಅಂತ ಕೆಳಗೆ ತಮ್ಮದೊಂದು ಗುರುತು ಒತ್ತಬಹುದೇ?

ಸೀಲು: ಓದದೆ ಒತ್ತುವುದು ನನಗೆ ಅಭ್ಯಾಸವೇ, ಕಷ್ಟವೇನಿಲ್ಲ. ಆದರೆ ಇದಕ್ಕೊಂದಕ್ಕೆ ಬೇಡ. ಅಧ್ಯಕ್ಷರು ಪೂರ್ತಿ ಓದಿ ರುಜು ಹಾಕಲಿ, ಆಮೇಲೆ ಒತ್ತುತ್ತೇನೆ. ಸದ್ಯಕ್ಕೆ ಅವರು ಊರಲ್ಲಿಲ್ಲ. 'ತರಗತಿ ಅವಲೋಕನದ ಮಹತ್ವ' ಅಂತ ವಿಚಾರ ಸಂಕಿರಣ ಇದೆಯಂತೆ, ಪಂಚತಾರಾ ಹೋಟೆಲಿನಲ್ಲಿ.