ಒದ್ದೆ ಕೈ ಸಿದ್ಧಾಂತ: ಹವ್ಯಾಸಿ ಕತೆಯ ಉತ್ಪತ್ತಿ ವಿಚಾರ

ಕಾವ್ಯಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಹೇತುಗಳನ್ನು ಎಣಿಸಿದ ನಮ್ಮ ಲಾಕ್ಷಣಿಕರು, ಅಷ್ಟು ಹೊತ್ತು ಪಾತ್ರೆ ಯಾರು ತೊಳೆಯಬೇಕು ಎಂಬುದನ್ನು ಇತ್ಯರ್ಥ ಮಾಡದೆಯೇ ಮುಂದೆ ಹೋಗಿಬಿಟ್ಟರು. ಆ ಕೊರತೆಯನ್ನು ತುಂಬಲು ಇಲ್ಲಿ ಮಂಡಿಸುವ ಸೂತ್ರ ಇಷ್ಟೇ: ಕತೆ ಒದ್ದೆ ಕೈಗೇ ಹೊಳೆಯುತ್ತದೆ. ಒಣ ಕೈಗೆ ಹೊಳೆದದ್ದು ಹೆಚ್ಚೆಂದರೆ ಸಂಪಾದಕರಿಗೆ ಪತ್ರವಾದೀತು. ಹವ್ಯಾಸಿ ಕತೆಗಾರ ಎಂದರೆ, ಸಂಬಳ ಬೇರೆ ಕಡೆಯಿಂದ ಬರುವ ಅಥವಾ ಎಲ್ಲಿಂದಲೂ ಬರದ, ಆದರೆ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಕೊನೆಯ ದಿನಾಂಕ ಬಾಯಿಪಾಠವಿರುವ ಜೀವ ಎಂದು ತಿಳಿಯತಕ್ಕದ್ದು. ಒದ್ದೆ ಕೈ ಎಂದರೆ ಸೋಪಿನ ನೊರೆ ಹತ್ತಿದ, ಅಕ್ಕಿ ಹಿಟ್ಟು ಮೆತ್ತಿದ, ಮಗುವಿನ ತಲೆಗೆ ಹಚ್ಚಿದ ಎಣ್ಣೆ ಇನ್ನೂ ಜಿನುಗುತ್ತಿರುವ, ಒಟ್ಟಿನಲ್ಲಿ ಪೆನ್ನು ಹಿಡಿಯಲಾಗದ ಕೈ. ಬಸ್ಸಿನಲ್ಲಿ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು ತೂಗಾಡುವ ಗುಮಾಸ್ತನ ಕೈಯೂ ಲಕ್ಷಣಾರ್ಥದಲ್ಲಿ ಒದ್ದೆಯೇ.

ಮೊದಲು ಪ್ರತ್ಯಕ್ಷ ಪ್ರಮಾಣ. ಹವ್ಯಾಸಿಯ ಹಸ್ತಪ್ರತಿಗಳು ಸಿಗುವುದು ಮೇಜಿನ ಖಾನೆಯಲ್ಲಲ್ಲ. ಗ್ಯಾಸ್ ಬಿಲ್ಲಿನ ಬೆನ್ನು, ಲಗ್ನಪತ್ರಿಕೆಯ ಒಳಮಗ್ಗುಲು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಏಕಾದಶಿಗೂ ದ್ವಾದಶಿಗೂ ನಡುವೆ ಉಳಿದ ಬಿಳಿ ಜಾಗ, ಇವೇ ಅದರ ತಾಳೆಗರಿ. ಇಂಥ ಪ್ರತಿಯ ಕಾಲನಿರ್ಣಯಕ್ಕೆ ಲಿಪಿಶಾಸ್ತ್ರ ಬೇಕಿಲ್ಲ, ಅರಿಸಿನದ ಕಲೆ ಸಾಕು: ಕಲೆ ಹಸಿಯಾಗಿದ್ದರೆ ಇಂದಿನ ಪಾಠ, ಮಾಸಿದ್ದರೆ ಹಿಂದಿನ ಹಬ್ಬದ್ದು. ಪಾಠಾಂತರದ ತೊಡಕು ಮಾತ್ರ ಘೋರವಾದದ್ದು. 'ಅವಳು ತಿರುಗಿ ನೋಡಲಿಲ್ಲ' ಎಂಬ ಸಾಲಿನ ಕೆಳಗೇ 'ತೊಗರಿಬೇಳೆ ಅರ್ಧ ಕೆಜಿ' ಎಂದಿದ್ದರೆ ಅದು ಪ್ರಕ್ಷಿಪ್ತವೋ ಮೂಲವೋ? ಪ್ರಕ್ಷಿಪ್ತವೆಂದು ಕಿತ್ತೆಸೆಯುವುದು ಸುಲಭ. ಆದರೆ ಕೈಬರಹ ಒಂದೇ, ಶಾಯಿ ಒಂದೇ, ಎರಡು ಸಾಲಿನ ನಡುವೆ ಉಸಿರೆಳೆದ ಗುರುತೂ ಇಲ್ಲ. ತಿರುಗಿ ನೋಡದೆ ಹೋದವಳು ಅಂಗಡಿಗೇ ಹೋದಳೆಂದು ಓದಿದರೆ ಪಾಠವೂ ಕೂಡುತ್ತದೆ, ಕತೆಯೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಇಲ್ಲಿ ತಾರ್ಕಿಕನೊಬ್ಬ ಅಡ್ಡ ಬರುತ್ತಾನೆ: ಒದ್ದೆ ಕೈಯೇ ಕತೆಗೆ ಕಾರಣವಾದರೆ ಹೋಟೆಲಿನಲ್ಲಿ ಲೋಟ ತೊಳೆಯುವವರೆಲ್ಲ ಕತೆಗಾರರಾಗಬೇಕಿತ್ತಲ್ಲ, ನಿನ್ನ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬಂತಲ್ಲ ಎಂದು. ಅವನಿಗೆ ಅವನ ಶಾಸ್ತ್ರದಿಂದಲೇ ಉತ್ತರವಿದೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇದೆ; ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಾಗಿಲ್ಲ, ಕೆಂಪಗೆ ಕಾದ ಕಬ್ಬಿಣವೇ ಸಾಕ್ಷಿ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯ ಸಂಪರ್ಕ ಬೇಕು. ಇದಕ್ಕೆ ನೈಯಾಯಿಕರು ಉಪಾಧಿ ಎನ್ನುತ್ತಾರೆ; ಅನ್ನಂಭಟ್ಟನ ತರ್ಕಸಂಗ್ರಹ ಓದಿದ ಎಳೆಯರಿಗೂ ಇದು ಗೊತ್ತು. ನಾವು ಹೇಳುವುದೂ ಅಷ್ಟೇ. ಪ್ರತಿಭೆ ಬೆಂಕಿ, ಕತೆ ಹೊಗೆ, ಮನೆಗೆಲಸ ಹಸಿ ಸೌದೆ. ಬರೀ ಸೌದೆ ಹೊಗೆಯಾಡುವುದಿಲ್ಲ, ಒಪ್ಪಿದೆವು. ಆದರೆ ಬರೀ ಬೆಂಕಿಯೂ ಹೊಗೆಯಾಡುವುದಿಲ್ಲ ಎಂಬುದನ್ನು ತಾರ್ಕಿಕನೂ ಒಪ್ಪಬೇಕು. (ಲೋಟ ತೊಳೆಯುವವರ ಬಳಿ ಕತೆಯಿಲ್ಲ ಎಂದು ಅವನಿಗೆ ಹೇಳಿದವರು ಯಾರು? ಕೇಳಿದವರಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ.)

ಶಬ್ದಪ್ರಮಾಣಕ್ಕೆ ಬಂದರೆ ಕನ್ನಡ ಸಾಹಿತ್ಯ ಚರಿತ್ರೆಯೇ ಒದ್ದೆಯಾಗಿದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯ ಹುಟ್ಟು ಹಾಕಿದವನು, ಮಡಿವಾಳ ಮಾಚಯ್ಯ ಬಟ್ಟೆ ಒಗೆದವನು. ಇವರ ಕೈ ಒದ್ದೆಯೆಂದು ಸಾಧಿಸಲು ಶ್ರಮಪಡಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯುವುದೇ ಕಾಯಕ. ಅಕ್ಕಿ ಒಣಗಿದ್ದಿರಬಹುದು, ಆಯುವ ಬೆರಳಿಗೆ ಬಿಡುವೆಲ್ಲಿ? ಚಿಕ್ಕದೇವರಾಜ ಒಡೆಯರ ಅರಮನೆಯ ಹೊನ್ನಮ್ಮನ ಹೆಸರಿಗೇ ಅವಳ ಊಳಿಗ ಅಂಟಿಕೊಂಡು ಸಂಚಿ ಹೊನ್ನಮ್ಮ ಆಯಿತು. ಎಲೆಅಡಿಕೆಯ ಸಂಚಿ ಹಿಡಿದವಳ ಬೆರಳಿಗೆ ಸುಣ್ಣ ಅಂಟಿದ್ದಿರಲೇಬೇಕು. ಆ ಕೈಯಿಂದಲೇ 'ಹದಿಬದೆಯ ಧರ್ಮ'ವೂ ಬಂತು. ಇನ್ನು ಬೀಸುಕಲ್ಲಿನ ಪದಗಳ ಮುಂದೆ ಬೇರೆ ಸಾಕ್ಷಿಯೇ ಬೇಡ. ಬೀಸುವವಳ ಒಂದು ಕೈ ಗೂಟದ ಮೇಲೆ, ಇನ್ನೊಂದು ರಾಗಿಯ ಮೊರದಲ್ಲಿ. ಹೊಸಿಲು ದಾಟುವಷ್ಟೂ ಪುರುಸೊತ್ತಿಲ್ಲದ ಆ ಸ್ಥಿತಿಯಲ್ಲಿ ಸಾವಿರಾರು ತ್ರಿಪದಿಗಳು ಹುಟ್ಟಿದವು. ಹಿಟ್ಟಿನ ಗಿರಣಿ ಬಂದು ಕೈ ಬಿಡುವಾಯಿತು, ಪದಗಳೂ ನಿಂತವು.

ಪೂರ್ವಪಕ್ಷದವರ ದೊಡ್ಡ ಆಯುಧ ಇಂಗ್ಲೆಂಡಿನ ಆಂಟನಿ ಟ್ರೊಲಪ್. ಅಂಚೆ ಇಲಾಖೆಯ ಅಧಿಕಾರಿ, ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆದು, ಆಮೇಲೆ ಕೆಲಸಕ್ಕೆ ಹೊರಟವನು. ಅವನ ಕೈ ಒಣಗಿತ್ತಲ್ಲ? ಒಣಗಿತ್ತು, ನಿಜ. ಆದರೆ ಅವನನ್ನು ಎಬ್ಬಿಸಿ ಕಾಫಿ ತಂದುಕೊಡಲು ವರ್ಷಕ್ಕೆ 5 ಪೌಂಡ್ ಹೆಚ್ಚುವರಿ ಪಡೆಯುತ್ತಿದ್ದ ಆಳೊಬ್ಬನಿದ್ದ. ಟ್ರೊಲಪ್ ಆತ್ಮಕಥೆಯಲ್ಲಿ ಆ ಉಪಕಾರವನ್ನು ನೆನೆದೂ ಇದ್ದಾನೆ. ಇದರಿಂದ ಸಿದ್ಧಾಂತಕ್ಕೆ ಒಂದು ಉಪಸೂತ್ರ ದಕ್ಕುತ್ತದೆ: ಬರೆಯುವವನ ಕೈ ಒಣಗಿದ್ದರೆ, ಅದೇ ಮನೆಯಲ್ಲಿ ಇನ್ನೊಂದು ಕೈ ಒದ್ದೆಯಾಗಿರುತ್ತದೆ. ನಮ್ಮಲ್ಲಿ ಆ ಇನ್ನೊಂದು ಕೈಗೆ 5 ಪೌಂಡೂ ಇಲ್ಲ, ಹೆಚ್ಚೆಂದರೆ ಅರ್ಪಣೆಯ ಪುಟದಲ್ಲಿ ಅರ್ಧ ಸಾಲು. ಎಂ.ಕೆ. ಇಂದಿರಾ ಕಾದಂಬರಿಗೆ ಕೈಹಾಕಿದ್ದು ನಲವತ್ತು ದಾಟಿದ ಮೇಲೆ; 'ತುಂಗಭದ್ರ' 1963ರದು, 'ಫಣಿಯಮ್ಮ' 1976ರದು. ಅಷ್ಟು ವರ್ಷ ಅವರು ಏನೂ ಬರೆಯುತ್ತಿರಲಿಲ್ಲ ಎಂದು ಹೇಳುವ ವಿಮರ್ಶಕ ಒಲೆಯ ಮುಂದೆ ನಿಂತವನಲ್ಲ.

ಇನ್ನುಳಿದದ್ದು ಆಧುನಿಕರ ಆಕ್ಷೇಪ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ, ಒದ್ದೆ ಕೈ ಈಗ ಅಡ್ಡಿಯೇ ಅಲ್ಲ ಎನ್ನುತ್ತಾರೆ. ಸಿದ್ಧಾಂತದ ಮರ್ಮ ಇವರಿಗೆ ತಿಳಿದಿಲ್ಲ. ಒದ್ದೆ ಕೈ ಕತೆಯನ್ನು ಹುಟ್ಟಿಸಿ ಸುಮ್ಮನಾಗುವುದಿಲ್ಲ, ತಿದ್ದುತ್ತದೆ ಕೂಡ. ಹೊಳೆದ ಹತ್ತು ವಾಕ್ಯಗಳಲ್ಲಿ ಕೊನೆಯ ತಟ್ಟೆ ತೊಳೆದು, ಸೆರಗಿಗೋ ಪಂಚೆಗೋ ಕೈ ಒರೆಸಿಕೊಂಡು, ಮುಚ್ಚಳವಿಲ್ಲದ ಪೆನ್ನು ಹುಡುಕುವಷ್ಟರಲ್ಲಿ ಎಂಟು ಕೊಚ್ಚಿಹೋಗುತ್ತವೆ. ಉಳಿದ ಎರಡೇ ಕತೆ. ಹೋದವು ಹೆಚ್ಚಾಗಿ ಸೂರ್ಯಾಸ್ತದ ವರ್ಣನೆಗಳು. ಬರೆದದ್ದನ್ನು ಅಳಿಸುವ ಪ್ರಮೇಯವೇ ತನಗಿಲ್ಲ ಎಂಬುದು ಕುಮಾರವ್ಯಾಸನ ಹೆಚ್ಚುಗಾರಿಕೆಯಾದರೆ, ಬರೆಯುವ ಮೊದಲೇ ಅಳಿಸಿಬಿಡುವುದು ನಮ್ಮ ಹವ್ಯಾಸಿಯದು. ಮೊಬೈಲಾದರೋ ಹತ್ತನ್ನೂ ಹಿಡಿದಿಡುತ್ತದೆ; ಜತೆಗೆ ಕುಕ್ಕರಿನ ಸೀಟಿಯನ್ನೂ, 'ಏನ್ರೀ, ಹಾಲು ಉಕ್ತಾ ಇದೆ, ಕಣ್ ಕಾಣಲ್ವಾ' ಎಂಬುದನ್ನೂ. ಆ ಕಡತದಲ್ಲಿ ಜೀವಂತವಾಗಿರುವ ಸಂಭಾಷಣೆ ಇದೊಂದೇ ಎಂಬುದು ಬೇರೆ ಮಾತು.

ವ್ಯತಿರೇಕ ದೃಷ್ಟಾಂತವನ್ನು ನಿವೃತ್ತರಲ್ಲಿ ನೋಡಬಹುದು. ಪಿಂಚಣಿ ಗೊತ್ತಾಗಿ, ಕಿಟಕಿಯ ಬಳಿ ಮೇಜು ಬಂದು, ಇನ್ನೂರು ಪುಟದ ಗೆರೆ ಪುಸ್ತಕ ತೆರೆದ ದಿನ ಕತೆ ನಿಲ್ಲುತ್ತದೆ. ಮೊದಲ ಪುಟದಲ್ಲಿ ಶ್ರೀಕಾರ, ಎರಡನೆಯದರಲ್ಲಿ ಮುನ್ನುಡಿಗೆ ಕೇಳಬೇಕಾದ ಹಿರಿಯರ ಪಟ್ಟಿ. ಚಿಕಿತ್ಸೆ ಸರಳ: ಒಂದು ಸೇರು ಅವರೆಕಾಳು ನೆನೆಹಾಕಿ ಹಿತುಕಲು ಕೂರಿಸುವುದು. ಪಾತ್ರೆ ತೊಳೆಯುವಾಗ ರಬ್ಬರು ಕೈಗವಸು ಹಾಕಿಕೊಳ್ಳುವವರ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹೊರಗೆ ನೀರು, ಒಳಗೆ ಒಣ ಕೈ. ಆದರೆ ಹದಿನೈದು ನಿಮಿಷದಲ್ಲಿ ಒಳಗಿನ ಕೈಯೂ ಬೆವರುತ್ತದೆ. ಹಾಗೆ ಹುಟ್ಟಿದ ಕತೆಯನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬುದನ್ನು, ಕೈ ಬೇಗ ಒಣಗದ ಮಳೆಗಾಲದಲ್ಲಿ ಪರಿಶೀಲಿಸುವುದು ಯುಕ್ತ.